32 ವಾರಕ್ಕೆ ಮಗು 1,580 ಗ್ರಾಂ: ಯಾವ ಡೇಟ್ ಹಿಡಿಯಬೇಕು?

ಶುಶ್ರೂಷಾಧಿಕಾರಿ:
ಕೊನೆಯ ಮುಟ್ಟಿನ ಲೆಕ್ಕದಲ್ಲಿ ಇವತ್ತಿಗೆ 32 ವಾರ ತುಂಬಿದ ಗರ್ಭಿಣಿ. ಸ್ಕ್ಯಾನ್‌ನಲ್ಲಿ ಮಗುವಿನ ಅಂದಾಜು ತೂಕ 1,580 ಗ್ರಾಂ, ಹ್ಯಾಡ್‌ಲಾಕ್ ಎಂಬ ತೂಕದ ಪಟ್ಟಿಯಲ್ಲಿ 10ನೇ ಪರ್ಸೆಂಟೈಲ್‌ಗಿಂತ ಕೆಳಗೆ (ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ತೀರಾ ಚಿಕ್ಕ ಹತ್ತರೊಳಗೆ). ಹೊಕ್ಕುಳುಬಳ್ಳಿಯ ಡಾಪ್ಲರ್ (ರಕ್ತದ ಹರಿವಿನ ಪರೀಕ್ಷೆ) ನಾರ್ಮಲ್. ಆದರೆ ಅದೇ ವರದಿಯಲ್ಲಿ ‘ಸ್ಕ್ಯಾನ್ ಪ್ರಕಾರ 30 ವಾರ 3 ದಿನ’ ಎಂದು ಬರೆದು, ಹೊಸ ಇಡಿಡಿಯನ್ನೂ (ಹೆರಿಗೆಯ ಅಂದಾಜು ದಿನ) ಕೊಟ್ಟಿದ್ದಾರೆ. ಮನೆಯವರು ‘ಡೇಟ್ ಮುಂದೆ ಹೋಗಿದೆ, ಅಷ್ಟೇ’ ಅನ್ನುತ್ತಿದ್ದಾರೆ. ಯಾವುದನ್ನು ನಂಬಬೇಕು? ಮುಂದಿನ ಸ್ಕ್ಯಾನ್ ಒಂದು ವಾರಕ್ಕೇ ಮಾಡಿಸಲೇ?

ಸೋನಾಲಜಿಸ್ಟ್:
ಸಿಸ್ಟರ್, ಆ ಹೊಸ ಇಡಿಡಿಯನ್ನು ಲೆಕ್ಕಕ್ಕೇ ತಗೋಬೇಡಿ. ಇವತ್ತಿನ ಅಳತೆಗಳ ಸರಾಸರಿಯಿಂದ ಮೆಷಿನ್ ತಾನಾಗಿ ಹಾಕುವ ಡೇಟ್ ಅದು. ಮಗು ಚಿಕ್ಕದಿದೆ ಎಂದು ವಯಸ್ಸನ್ನೂ ಚಿಕ್ಕದು ಮಾಡಿಬಿಟ್ಟರೆ, ಬೆಳವಣಿಗೆ ನಿಂತ ಮಗುವೂ ನಾರ್ಮಲ್ ಆಗಿ ಕಾಣುತ್ತದೆ. ನಾವು ಹುಡುಕುತ್ತಿರುವುದೇ ಕೈತಪ್ಪಿ ಹೋಗುತ್ತದೆ. ತಾಯಿ ಕಾರ್ಡ್ ಜೊತೆ 11ರಿಂದ 14 ವಾರದೊಳಗಿನ ಸ್ಕ್ಯಾನ್ ಇದೆಯಾ? ಸಿಆರ್‌ಎಲ್ (ಮಗುವಿನ ತಲೆಯಿಂದ ಪೃಷ್ಠದವರೆಗಿನ ಉದ್ದ) ಎಷ್ಟು?

ಶುಶ್ರೂಷಾಧಿಕಾರಿ:
ಇದೆ ಸರ್. ಅವತ್ತು ಮುಟ್ಟಿನ ಲೆಕ್ಕಕ್ಕೆ 13 ವಾರ 4 ದಿನ, ಸಿಆರ್‌ಎಲ್ 58 ಮಿ.ಮೀ.

ಸೋನಾಲಜಿಸ್ಟ್:
58 ಮಿ.ಮೀ. ಅಂದರೆ ಸುಮಾರು 12 ವಾರ 2 ದಿನ. 9 ದಿನಗಳ ವ್ಯತ್ಯಾಸ. ಆಗಲೇ ಇಡಿಡಿ ತಿದ್ದಿ ಕಾರ್ಡ್ ಮೇಲೆ ಬರೆಯಬೇಕಿತ್ತು. ಆ ಪ್ರಕಾರ ಇವತ್ತಿಗೆ 30 ವಾರ 5 ದಿನ, ತೂಕ ಸುಮಾರು 30ನೇ ಪರ್ಸೆಂಟೈಲ್. ಮನೆಯವರ ಮಾತು ಈ ಸಲ ಸರಿ ಬಂತು, ಆದರೆ ಆಧಾರ ಮೊದಲ ಸ್ಕ್ಯಾನ್, ಇವತ್ತಿನದಲ್ಲ. ಇನ್ನು ಮೇಲೆ ಈ ಡೇಟ್ ಬದಲಾಗಕೂಡದು.

ಮಗುವಿನ ಹೊಟ್ಟೆ ಸುತ್ತಳತೆಯ ಚಿತ್ರವನ್ನೂ ಒಮ್ಮೆ ನೋಡಿ, ತೂಕದ ಅಂಕಿ ಹೆಚ್ಚು ಅಲುಗಾಡುವುದು ಅದರಿಂದ. ಅಡ್ಡಕೊಯ್ತ ದುಂಡಗಿರಬೇಕು. ಜಠರದ ಗುಳ್ಳೆ, ಹೊಕ್ಕುಳಿನ ರಕ್ತನಾಳ ಯಕೃತ್ತಿನೊಳಗೆ ಪೋರ್ಟಲ್ ಸೈನಸ್ ಎಂಬ ರಕ್ತನಾಳವನ್ನು ಸೇರುವ ಜಾಗ ಎರಡೂ ಕಾಣಬೇಕು. ಕಿಡ್ನಿ ಕಂಡರೆ ಸ್ಕ್ಯಾನ್ ಮಾಡಿದವರು ತೀರಾ ಕೆಳಗೆ ಬಂದಿದ್ದಾರೆ ಎಂದರ್ಥ. ಗೆರೆ ಚರ್ಮದ ಹೊರ ಅಂಚಿನ ಮೇಲಿರಬೇಕು. ಪ್ರೋಬ್ ಒತ್ತಿ ಹಿಡಿದರೆ ಹೊಟ್ಟೆ ಮೊಟ್ಟೆಯಾಕಾರಕ್ಕೆ ಬಂದು ಅಳತೆ ಕೆಡುತ್ತದೆ.

ಪ್ರಸೂತಿ ತಜ್ಞೆ:
ಒಂದು ವಾರಕ್ಕೆ ಬೇಡ ಸಿಸ್ಟರ್. ಈ ಹಂತದಲ್ಲಿ ಮಗು ವಾರಕ್ಕೆ ಸುಮಾರು 200 ಗ್ರಾಂ ಬೆಳೆಯುತ್ತದೆ. ಎಷ್ಟೇ ಚೆನ್ನಾಗಿ ಅಳೆದರೂ ತೂಕದಲ್ಲಿ ಶೇ 10ರಿಂದ 15ರಷ್ಟು ತಪ್ಪು ಸಹಜ, ಅಂದರೆ ಇಲ್ಲಿ 160–240 ಗ್ರಾಂ. ಬೆಳೆದದ್ದು ಯಾವುದು, ಅಳತೆಯ ತಪ್ಪು ಯಾವುದು ಎಂದು ಗೊತ್ತೇ ಆಗುವುದಿಲ್ಲ. ಮೂರು ವಾರ ಬಿಟ್ಟು, ಸಾಧ್ಯವಾದರೆ ಅದೇ ಸೆಂಟರ್‌ನಲ್ಲಿ ಮಾಡಿಸಿ.

ಆಗ ತೂಕ ಅಥವಾ ಹೊಟ್ಟೆ ಸುತ್ತಳತೆ 3ನೇ ಪರ್ಸೆಂಟೈಲ್‌ಗಿಂತ ಕೆಳಗಿಳಿದರೆ, ಇಲ್ಲವೇ ಈಗಿನ ಗೆರೆಯಿಂದ 50 ಪರ್ಸೆಂಟೈಲ್‌ಗೂ ಹೆಚ್ಚು ಜಾರಿದರೆ ಮಾತ್ರ ತಜ್ಞರಿಗೆ ತೋರಿಸೋಣ ಎಂದು ಕೆಲವರು ಕಾಯುತ್ತಾರೆ. 30ರಲ್ಲಿರುವ ಮಗುವಿಗೆ ಎರಡನೆಯದು ಅನ್ವಯಿಸುವುದೇ ಇಲ್ಲ. 10ಕ್ಕಿಂತ ಕೆಳಗೆ ಬಂದರೇ ಡಾಪ್ಲರ್ ಸಮೇತ ತಜ್ಞರಿಗೆ ತೋರಿಸಿ. 32 ವಾರದ ನಂತರ ಹೊಕ್ಕುಳುಬಳ್ಳಿಯದ್ದು ನಾರ್ಮಲ್ ಇದ್ದರೂ ಸಾಲದು, ಮಗುವಿನ ಮಿದುಳಿನ ಎಂಸಿಎ ಎಂಬ ರಕ್ತನಾಳದ ಡಾಪ್ಲರ್ ಕೂಡ ಕೇಳಿ. ಹೊಕ್ಕುಳುಬಳ್ಳಿಯಲ್ಲಿ ಡಯಾಸ್ಟೋಲಿಕ್ ಹರಿವು (ಎರಡು ಹೃದಯ ಬಡಿತಗಳ ನಡುವಿನ ರಕ್ತದ ಹರಿವು) ಇಲ್ಲ ಅಥವಾ ಹಿಮ್ಮುಖ ಎಂದು ವರದಿ ಬಂದರೆ ಅದೇ ದಿನ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಆಸ್ಪತ್ರೆಗೆ ಕಳಿಸಿ. ಬಿಪಿ ಏರಿದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಮೂರು ವಾರ ಕಾಯುವುದು ಬೇಡ.