ಸಹಾಯ ಬೇಕು: ನಕ್ಷತ್ರ ಹುಟ್ಟುವ ಜಾಗವನ್ನು ಮಕ್ಕಳಿಗೆ ತೋರಿಸಲು ದೂರದರ್ಶಕ

ಎಲ್ಲರಿಗೂ ನಮಸ್ಕಾರ. ನಾನು ಗೌರಿಬಿದನೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಜನವರಿಯ ಒಂದು ಸಂಜೆ ಮಕ್ಕಳಿಗೆ ಮಹಾವ್ಯಾಧ ನೀಹಾರಿಕೆಯನ್ನು ತೋರಿಸುವ ಆಸೆ. ಸುಮಾರು 1,350 ಜ್ಯೋತಿರ್ವರ್ಷ ದೂರದ ಆ ಅನಿಲ, ಧೂಳಿನ ಮೋಡದಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ನಮ್ಮ ತಾಲ್ಲೂಕಿನಲ್ಲೇ ರೇಡಿಯೋ ದೂರದರ್ಶಕವಿದೆ, ಆದರೆ ಅದರಲ್ಲಿ ಕಣ್ಣಿಟ್ಟು ನೋಡುವಂತಿಲ್ಲ. ಸಾಮಾನ್ಯ ದೂರದರ್ಶಕ ಇರುವವರು ಅಮಾವಾಸ್ಯೆಯ ಆಸುಪಾಸಿನಲ್ಲಿ ಒಂದು ರಾತ್ರಿ ಬರಲು ಸಾಧ್ಯವೇ? ಪ್ರಯಾಣದ ಖರ್ಚು ನನ್ನದು, ಊಟ ನಮ್ಮ ಮನೆಯಲ್ಲಿ.

ಇನ್ನೊಂದು ವಿಷಯ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಮೋಡ ತನ್ನ ಭಾರಕ್ಕೆ ಕುಸಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಮತ್ತೆ ಹಿಗ್ಗಬೇಕಲ್ಲವೇ ಮಿಸ್?’ ಎಷ್ಟು ಒಳ್ಳೆಯ ಪ್ರಶ್ನೆ! ಇಂದಿನ ಮೋಡಗಳಲ್ಲಿ ಧೂಳು, ಕಾರ್ಬನ್ ಮಾನಾಕ್ಸೈಡ್ ಶಾಖವನ್ನು ಹೊರಸೂಸುವುದರಿಂದ ಕುಸಿತ ಮುಂದುವರಿಯುತ್ತದೆ ಎಂದು ವಿವರಿಸಿದೆ. ಆದರೆ 1,380 ಕೋಟಿ ವರ್ಷಗಳ ಹಿಂದಿನ ಮಹಾಸ್ಫೋಟ ಉಳಿಸಿದ್ದು ಹೆಚ್ಚುಕಡಿಮೆ ಜಲಜನಕ ಮತ್ತು ಹೀಲಿಯಂ ಮಾತ್ರ. ಧೂಳೇ ಇಲ್ಲದ ಆ ಕಾಲದಲ್ಲಿ ಮೊದಲ ನಕ್ಷತ್ರಗಳ ಮೋಡವನ್ನು ತಣಿಸಿದ್ದು ಜಲಜನಕದ ಅಣುಗಳು. ಬಾಯಿಮಾತಿನ ವಿವರಣೆ ಅವಳಿಗೆ ಸಾಲದು. ಒತ್ತಿದ ಅನಿಲ ಬಿಸಿಯಾಗುವುದನ್ನು, ಶಾಖ ಕಳೆದುಕೊಂಡರೆ ಕುಗ್ಗುವುದನ್ನು ತರಗತಿಯಲ್ಲೇ ಮಾಡಿ ತೋರಿಸಬಹುದಾದ ಸರಳ ಪ್ರಯೋಗ ಗೊತ್ತಿರುವವರು ದಯವಿಟ್ಟು ತಿಳಿಸಿ.