ಅಪ್‌ಡೇಟ್: ಟೆಲಿಹ್ಯಾಂಡ್ಲರ್ ಬೂಮ್ ಚಾಚದ ಸಮಸ್ಯೆ ಬಗೆಹರಿಯಿತು
ಟೆಲಿಹ್ಯಾಂಡ್ಲರ್‌ನಲ್ಲಿ (ಉದ್ದಕ್ಕೆ ಚಾಚುವ ತೋಳಿನಿಂದ ಭಾರ ಎತ್ತುವ ಗಾಡಿ) ಮುಂದಿನ ಫೋರ್ಕ್ ಖಾಲಿ ಇದ್ದರೂ ಓವರ್‌ಲೋಡ್ ಅಲಾರಂ ಹೊಡೆದುಕೊಳ್ಳುತ್ತದೆ, ಬೂಮ್ ಅಂದರೆ ಆ ತೋಳು ಚಾಚುವುದಿಲ್ಲ, ಇಳಿಯುವುದಿಲ್ಲ, ಒಳಕ್ಕೆ ಮಾತ್ರ ಬರುತ್ತದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಯಿತು. ಹೈಡ್ರಾಲಿಕ್ ಆಯಿಲ್, ಫಿಲ್ಟರ್ ನೋಡಿ ಅಂದವರೇ ಜಾಸ್ತಿ. ಎರಡೂ ಚೆನ್ನಾಗಿದ್ದವು. ಫ್ಯೂಸ್ ಬದಲಿಸಿದರೂ ಪ್ರಯೋಜನ ಆಗಲಿಲ್ಲ. ಹಿಂದಿನ ಆಕ್ಸಲ್ ಮೇಲಿನ ಸೆನ್ಸರ್ ನೋಡಿ ಅಂದವರ ಮಾತೇ ನಿಜವಾಯಿತು. ಕನೆಕ್ಟರ್ ಒಳಗೆ ಕೆಸರು ನೀರು ಹೊಕ್ಕು ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಮೆಕ್ಯಾನಿಕ್ ಅದನ್ನು ಬದಲಿಸಿ, ಕ್ಯಾಲಿಬ್ರೇಶನ್ ಮಾಡಿಕೊಟ್ಟರು.

ಭಾರ ಎತ್ತುವುದು ಮುಂದೆ, ಅಳೆಯುವುದು ಹಿಂದೆ! ಇದು ಗೊತ್ತೇ ಇರಲಿಲ್ಲ. ಭಾರ ಹೊತ್ತ ಬೂಮ್ ಚಾಚಿದಷ್ಟೂ ಹಿಂದಿನ ಆಕ್ಸಲ್ ಹಗುರಾಗುತ್ತದೆ, ಸೆನ್ಸರ್ ಗಮನಿಸುವುದು ಅದನ್ನೇ. ಸಿಗ್ನಲ್ ಕೆಟ್ಟರೆ, ಗಾಡಿ ಮುಂದಕ್ಕೆ ಮಗುಚಬಹುದಾದ ಚಲನೆಗಳೆಲ್ಲ ಬಂದ್. ಸೆನ್ಸರನ್ನೇ ಬೈಪಾಸ್ ಮಾಡಿ ಅನ್ನುವ ಸಲಹೆಯೂ ಬಂದಿತ್ತು, ಅದರ ತಂಟೆಗೆ ಹೋಗಲಿಲ್ಲ. ಮೇಲೆ ಇಟ್ಟಿಗೆ ಪ್ಯಾಲೆಟ್ ಇರುವಾಗ ಕೆಳಗೆ ಜನ ಓಡಾಡುತ್ತಾರೆ ಅಲ್ವಾ.