‘ಆಡುತ್ತಾನೆ’, ‘ಆಡಬಲ್ಲ’, ‘ಆಡಿಯಾನು’: ಎಳೆಯ ಐಸ್ ಹಾಕಿ ಆಟಗಾರನ ಮುಂದಿನ ದಾರಿಯನ್ನು ಹೇಳುವ ಮಾತು ಯಾವುದು?

ಮಾನ್ಯರೇ,

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಜೂನಿಯರ್ ಮಟ್ಟದ ಐಸ್ ಹಾಕಿ ಆಡುತ್ತಿರುವ ಹದಿನೇಳು ವರ್ಷದ ಫಾರ್ವರ್ಡ್ (ಮುಂದಿನ ಸಾಲಿನಲ್ಲಿ ದಾಳಿ ಮಾಡುವ) ಆಟಗಾರನೊಬ್ಬನ ಬಗ್ಗೆ ಅಲ್ಲಿಯ ತರಬೇತುದಾರರು ಬರೆದ ಮೌಲ್ಯಮಾಪನವನ್ನು, ಉಡುಪಿಯಲ್ಲಿರುವ ಅವನ ಅಜ್ಜ ಅಜ್ಜಿ ಓದಿಕೊಳ್ಳುವಂತೆ ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಪೊಟೆನ್ಷಿಯಲ್’ ಎಂಬ ಮಾತನ್ನು ಕನ್ನಡದಲ್ಲಿ ಹೇಗೆ ಹೇಳಬೇಕು ಎಂಬುದು ನನ್ನ ಪ್ರಶ್ನೆ. ನನಗೆ ತೋಚಿದ ಉತ್ತರವೂ ಒಂದಿದೆ. ಅದಕ್ಕೆ ನಾಮಪದ ಹುಡುಕುವುದನ್ನು ಬಿಟ್ಟು ಕ್ರಿಯಾಪದದ ಒಂದು ಹಳೆಯ ರೂಪವನ್ನು ಹಿಡಿದಿದ್ದೇನೆ. ವ್ಯಾಕರಣ ಬಲ್ಲವರು ಅದನ್ನು ಪರೀಕ್ಷಿಸಿ ಹೇಳಬೇಕೆಂದು ಕೋರುತ್ತೇನೆ.

‘ಸಾಮರ್ಥ್ಯ’ ಎಂಬುದು ಈಗಾಗಲೇ ಇರುವ ಬಲವನ್ನು ಹೇಳುತ್ತದೆ. ಅದರ ಹಿಂದೆ ‘ವೃತ್ತಿಪರ’ ಎಂದು ಸೇರಿಸಿದರೆ ಕಚೇರಿಯ ನೌಕರನೊಬ್ಬನ ದಕ್ಷತೆಯನ್ನು ಅಳೆದಂತೆ ಕೇಳಿಸುತ್ತದೆಯೇ ಹೊರತು, ಹುಡುಗನೊಬ್ಬ ಮುಂದೆ ಆಟವನ್ನೇ ಜೀವನೋಪಾಯ ಮಾಡಿಕೊಳ್ಳುವನೇ ಎಂಬ ವಿಚಾರ ಬರುವುದಿಲ್ಲ. ಶಾಲೆಯ ವಿಜ್ಞಾನ ಪಾಠದ ‘ಪ್ರಚ್ಛನ್ನ ಶಕ್ತಿ’ಯನ್ನು ತರೋಣವೆಂದರೆ, ಎತ್ತರದಲ್ಲಿಟ್ಟ ಕಲ್ಲಿನ ಪ್ರಚ್ಛನ್ನ ಶಕ್ತಿಯನ್ನು ಲೆಕ್ಕ ಹಾಕಿ ಇಷ್ಟೇ ಎಂದು ಹೇಳಬಹುದು, ಹುಡುಗನ ವಿಷಯದಲ್ಲಿ ಅಂಥ ಲೆಕ್ಕವಿಲ್ಲ. ಕ್ರೀಡಾಪುಟಗಳು ‘ಭರವಸೆಯ ಆಟಗಾರ’ ಎಂದು ಬರೆಯುತ್ತವೆ. ಆದರೆ ಭರವಸೆ ಎಂದರೆ ಕೊಟ್ಟ ಮಾತು ಎಂಬ ಅರ್ಥವೂ ಇರುವುದರಿಂದ, ದೂರದಲ್ಲಿರುವ ಅಜ್ಜಿ ಅದನ್ನು ಯಾರೋ ಕೊಟ್ಟ ಆಶ್ವಾಸನೆ ಎಂದೇ ತಿಳಿದಾರು. ನಮ್ಮ ಕಡೆ ಯಕ್ಷಗಾನದ ಹೆಜ್ಜೆ ಕಲಿಯುವ ಹುಡುಗನನ್ನು ನೋಡಿ ‘ಇವನಿಗೆ ಒಳ್ಳೆಯ ಭವಿಷ್ಯ ಉಂಟು’ ಎನ್ನುತ್ತೇವೆ. ಅದು ಹಾರೈಕೆಯ ಮಾತು, ಅಳತೆಯ ಮಾತಲ್ಲ.

ಈ ವರದಿ ಅಳತೆಯ ಮಾತನ್ನೇ ಆಡುತ್ತದೆ, ಮತ್ತು ಅದರ ಅಳತೆ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗಿದೆ. ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೆ ಒಂದು ಅಂಕ, ಅದಕ್ಕೆ ನೆರವಾದವರಿಗೆ, ಹೆಚ್ಚೆಂದರೆ ಇಬ್ಬರಿಗೆ, ತಲಾ ಒಂದು ಅಂಕ ಸಿಗುತ್ತದೆ. ಆದ್ದರಿಂದ ಅಂಕಗಳ ಮೊತ್ತವನ್ನು ಮಾತ್ರ ನೋಡಿದರೆ, ಪಕ್ಕದಲ್ಲಿ ಆಡುವ ಸಮರ್ಥನೊಬ್ಬನ ಬಲದಿಂದ ಬಂದದ್ದೆಷ್ಟು, ತಾನಾಗಿ ಗಳಿಸಿದ್ದೆಷ್ಟು ಎಂದು ತಿಳಿಯುವುದಿಲ್ಲ. ಎದುರಾಳಿಯೊಬ್ಬ ತಪ್ಪೆಸಗಿ ಹೊರಗೆ ಕುಳಿತಿರುವ ‘ಪವರ್ ಪ್ಲೇ’ ಹೊತ್ತಿನ ಅಂಕಗಳನ್ನೂ, ಎರಡೂ ಕಡೆ ಐದೈದು ಜನರಿರುವಾಗಿನ ಅಂಕಗಳನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಹುಟ್ಟಿದ ದಿನವೂ ಲೆಕ್ಕಕ್ಕೆ ಬರುತ್ತದೆ: ಉತ್ತರ ಅಮೆರಿಕದ ದೊಡ್ಡ ವೃತ್ತಿ ಲೀಗಾದ ಎನ್‌ಎಚ್‌ಎಲ್‌ನ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿಗೆ ಆ ವರ್ಷದ ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬಬೇಕಾದ್ದರಿಂದ, 15ರಂದು ಹುಟ್ಟಿದವನು ತನ್ನ ಸಾಲಿನಲ್ಲಿ ಎಲ್ಲರಿಗಿಂತ ಕಿರಿಯನಾಗುತ್ತಾನೆ, ಮರುದಿನ ಹುಟ್ಟಿದವನು ಮುಂದಿನ ವರ್ಷದ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯನಾಗುತ್ತಾನೆ. ಆ ವಯಸ್ಸಿನಲ್ಲಿ ಒಂದು ವರ್ಷದ ಬೆಳವಣಿಗೆ ಮೈಕಟ್ಟನ್ನೂ ವೇಗವನ್ನೂ ಬಹಳವೇ ಬದಲಿಸುತ್ತದೆ. ಇವೆಲ್ಲದರ ಮೇಲೆ, ನಿಂತಲ್ಲಿಂದ ಹೊರಡುವ ಮೊದಲ ಮೂರು ಹೆಜ್ಜೆಗಳ ಸ್ಕೇಟಿಂಗ್, ಪಕ್ (ಆಟದ ರಬ್ಬರ್ ಬಿಲ್ಲೆ) ಸಿಕ್ಕೊಡನೆ ಹೊಡೆಯುವ ಚುರುಕು, ಅದು ತನ್ನ ಬಳಿ ಬರುವ ಮೊದಲೇ ಮುಂದಿನ ನಡೆಯನ್ನು ಯೋಚಿಸಿಟ್ಟುಕೊಳ್ಳುವ ಬುದ್ಧಿ, ಇವನ್ನು ಕಣ್ಣಾರೆ ನೋಡಿಯೇ ಹೇಳಬೇಕಾಗುತ್ತದೆ.

ಹೀಗಾಗಿ ವರದಿಯಲ್ಲಿ ಮೂರು ಬಗೆಯ ವಾಕ್ಯಗಳಿವೆ: ಈಗ ಮಾಡುತ್ತಿರುವುದು, ಈಗಲೇ ಮಾಡಲು ಬರುವುದು, ಮುಂದೊಮ್ಮೆ ಮಾಡಲು ಆದೀತು ಎನ್ನುವುದು. ಈ ಮೂರಕ್ಕೂ ಕನ್ನಡದಲ್ಲಿ ಬೇರೆ ಬೇರೆ ರೂಪಗಳು ಸಿದ್ಧವಾಗಿಯೇ ಇವೆ ಎಂಬುದು ನನಗೆ ಅತ್ಯಂತ ಸಂತೋಷ ತಂದ ಸಂಗತಿ. ‘ಗೋಲಿನ ಮುಂದೆ ಪಕ್ ಸಿಕ್ಕರೆ ತಡಮಾಡದೆ ಹೊಡೆಯುತ್ತಾನೆ’. ‘ಎದುರಾಳಿ ಮೈಮೇಲೆ ಬಿದ್ದಾಗಲೂ ಪಕ್ ಉಳಿಸಿಕೊಳ್ಳಬಲ್ಲ’. ‘ಆರಂಭದ ವೇಗ ಕೂಡಿಬಂದರೆ ದೊಡ್ಡ ಲೀಗಿನಲ್ಲಿ ಎರಡನೇ ಸಾಲಿನ ಮೂವರಲ್ಲಿ ಒಬ್ಬನಾಗಿ ಆಡಿಯಾನು’. ಕೊನೆಯದು ವ್ಯಾಕರಣ ಪುಸ್ತಕಗಳು ಸಂಭಾವನಾರ್ಥಕ ಎಂದು ಕರೆಯುವ ರೂಪ. ‘ಆಡಬಹುದು’ ಎಂದು ಬರೆದರೆ ಅನುಮತಿಯ ಅರ್ಥವೂ ಸೇರಿಕೊಳ್ಳುತ್ತದೆ; ‘ಆಡಿಯಾನು’ ಎಂಬಲ್ಲಿ ಆ ಗೊಂದಲವಿಲ್ಲ. ಅದರಲ್ಲಿ ಊಹೆಯಿದೆ, ಊಹೆಗೆ ಆಧಾರವಿದೆ ಎಂಬ ಧ್ವನಿಯಿದೆ, ಖಚಿತವಿಲ್ಲ ಎಂಬ ಪ್ರಾಮಾಣಿಕತೆಯೂ ಇದೆ.

ಇದೇ ವರದಿಯ ‘ಸೀಲಿಂಗ್’ ಮತ್ತು ‘ಫ್ಲೋರ್’ ಎಂಬ ಮಾತುಗಳಿಗೆ ‘ಏರಬಹುದಾದ ಎತ್ತರ’ ಮತ್ತು ‘ಕಡಿಮೆಯೆಂದರೆ ನಿಲ್ಲುವ ಮಟ್ಟ’ ಎಂದು ಬಿಡಿಸಿ ಬರೆದಿದ್ದೇನೆ. ಇವೆರಡನ್ನು ಒಂದೇ ಪದದಲ್ಲಿ ಬೆರೆಸಿದರೆ ಎಷ್ಟು ಅನ್ಯಾಯವಾಗುತ್ತದೆ ಎಂಬುದಕ್ಕೆ ಅಲೆಕ್ಸಾಂಡರ್ ಡೇಗಲ್ ಉದಾಹರಣೆ. 1993ರ ಡ್ರಾಫ್ಟಿನಲ್ಲಿ ಒಟ್ಟಾವ ತಂಡ ಮೊಟ್ಟಮೊದಲು ಆರಿಸಿಕೊಂಡ ಈ ಫಾರ್ವರ್ಡ್ ನಿರೀಕ್ಷಿಸಿದಂತೆ ತಾರೆಯಾಗಲಿಲ್ಲ, ಹಾಗಾಗಿ ವಿಫಲನೆಂದೇ ಹೆಸರಾದರು. ಆದರೂ ಎನ್‌ಎಚ್‌ಎಲ್‌ನಲ್ಲಿ 600ಕ್ಕಿಂತ ಹೆಚ್ಚು ಪಂದ್ಯ ಆಡಿದರು. ಒಂದು ತಂಡ ಪಂದ್ಯಕ್ಕೆ ಸಾಮಾನ್ಯವಾಗಿ ಹನ್ನೆರಡು ಫಾರ್ವರ್ಡ್‌ಗಳನ್ನು ಮಾತ್ರ, ಮೂವರಂತೆ ನಾಲ್ಕು ಸಾಲಾಗಿ ಇಳಿಸುವ ಲೀಗಿನಲ್ಲಿ ಅಷ್ಟು ಕಾಲ ಉಳಿದವರನ್ನು ವೃತ್ತಿ ಆಟಗಾರರಲ್ಲ ಎನ್ನಲಾದೀತೇ? ಇನ್ನೊಂದು ಕಡೆ, 1998ರಲ್ಲಿ ಡೆಟ್ರಾಯಿಟ್ ತಂಡ 171ನೆಯವರಾಗಿ ಆರಿಸಿದ ಪಾವೆಲ್ ಡಾಟ್ಸ್ಯುಕ್, ಮರುವರ್ಷ ಅದೇ ತಂಡ 210ನೆಯವರಾಗಿ ಆರಿಸಿದ ಹೆನ್ರಿಕ್ ಜೆಟ್ಟರ್ಬರ್ಗ್, ಇಬ್ಬರೂ 2008ರಲ್ಲಿ ಆ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ತಂಡದ ಆಧಾರಸ್ತಂಭಗಳಾದರು. ಬೆಳೆಯ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಈ ವರದಿಯ ಪಕ್ಕದಲ್ಲಿಡಲು ನನಗೆ ಮನಸ್ಸಾಗದಿರುವುದು ಇದರಿಂದಲೇ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ವರದಿಯಲ್ಲಿ ಒಂದು ನಿಷೇಧ ವಾಕ್ಯವಿದೆ: ಹುಡುಗ ಸೆಂಟರ್ (ಸಾಲಿನ ನಡುವಿನ) ಸ್ಥಾನದಲ್ಲಿ ವೃತ್ತಿ ಆಟ ಆಡುವ ಸಂಭವ ಕಡಿಮೆ, ವಿಂಗರ್ (ಪಕ್ಕದ ಆಟಗಾರ) ಆಗಿ ಹೆಚ್ಚು. ‘ಸೆಂಟರ್ ಆಗಿ ಆಡಲಾರ’ ಎಂದರೆ ‘ಆಡಬಲ್ಲ’ ಎಂಬುದನ್ನೇ ಅಲ್ಲಗಳೆದಂತಾಗುತ್ತದೆ, ಆದರೆ ಹುಡುಗ ಇಂದು ಆ ಸ್ಥಾನದಲ್ಲೇ ಆಡುತ್ತಿದ್ದಾನೆ. ‘ಆಡಿಯಾನು’ ಎಂಬುದಕ್ಕೆ ಸರಿಯಾದ ನಿಷೇಧ ‘ಆಡಲಿಕ್ಕಿಲ್ಲ’ ಎಂದು ನನ್ನ ತಿಳಿವಳಿಕೆ. ಆದರೆ ಮಂಗಳೂರು, ಉಡುಪಿಯ ಮಾತಿನಲ್ಲಿ ‘ಹಾಗೆ ಮಾಡಲಿಕ್ಕಿಲ್ಲ’ ಎಂದರೆ ಹಾಗೆ ಮಾಡಬಾರದು ಎಂದೂ ಆಗುತ್ತದೆ. ಅಜ್ಜ ಅಜ್ಜಿ ಅದನ್ನು ತರಬೇತುದಾರರು ಹಾಕಿದ ನಿರ್ಬಂಧವೆಂದು ಓದುವ ಅಪಾಯವಿದೆ. ‘ಆಡುವುದು ಅನುಮಾನ’ ಎಂದು ಬರೆದರೆ ಹುಡುಗನ ಮೇಲೆಯೇ ಅನುಮಾನ ಪಟ್ಟಂತೆ ತೋರುತ್ತದೆ. ಕರಾವಳಿಯ ಓದುಗರಿಗೂ ಘಟ್ಟದ ಮೇಲಿನವರಿಗೂ ಒಂದೇ ಅರ್ಥ ಕೊಡುವ, ಸಂಭವವನ್ನಷ್ಟೇ ತಗ್ಗಿಸಿ ಹೇಳುವ ನಿಷೇಧ ರೂಪ ಕನ್ನಡದಲ್ಲಿ ಬೇರೆ ಯಾವುದಿದೆ? ಹಳಗನ್ನಡದಲ್ಲಿ ಸಂಭಾವನೆಯ ನಿಷೇಧಕ್ಕೆ ಪ್ರತ್ಯೇಕ ರೂಪ ಬಳಕೆಯಲ್ಲಿತ್ತೇ ಎಂಬುದನ್ನೂ ಬಲ್ಲವರು ಉದಾಹರಣೆ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.